ಜೀವಶಾಸ್ತ್ರ ಪರೀಕ್ಷೆ : ಎಷ್ಟು ಬರೆದರೆ ಎಷ್ಟು ಅಂಕ?

ತಾಳವಾಡಿ : ಪರೀಕ್ಷೆ ಮುಗಿಸಿ ಬಸ್ಸು ಹತ್ತಿದ ಮಕ್ಕಳಿಗೆ ನಮ್ಮ ಕಡೆ ಹಿರಿಯರು ಕೇಳುವ ಮೊದಲ ಪ್ರಶ್ನೆ ಒಂದೇ. ‘ಎಷ್ಟು ಅಡಿಷನಲ್ ಶೀಟ್ ತಗೊಂಡೆ ಮಗಾ?’ ಮೂರು ಅಂದರೆ ಹಿರಿಯರಿಗೆ ಖುಷಿ. ಒಂದೂ ಇಲ್ಲ ಅಂದರೆ ಮುಖ ಸಪ್ಪೆ. ಹಾಳೆ ಜಾಸ್ತಿಯಾದಷ್ಟೂ ಅಂಕ ಜಾಸ್ತಿ ಎನ್ನುವ ನಂಬಿಕೆ ಬೆಟ್ಟದ ಮೇಲೂ ಇದೆ, ಘಟ್ಟದ ಕೆಳಗೂ ಇದೆ.

ಜೀವಶಾಸ್ತ್ರದ ಮಟ್ಟಿಗೆ ಈ ನಂಬಿಕೆ ಮಕ್ಕಳ ಅಂಕವನ್ನೇ ತಿನ್ನುತ್ತದೆ. ಪಾಠ ಬಾರದೆ ಅಂಕ ಹೋಗುವುದು ಒಂದು ರೀತಿ. ಪಾಠ ಬಂದೂ, ಎರಡು ಅಂಕದ ಪ್ರಶ್ನೆಗೆ ಒಂದು ಪುಟ ಬರೆದು, ಕೊನೆಯ ದೊಡ್ಡ ಪ್ರಶ್ನೆಗೆ ಸಮಯ ಸಾಲದೆ ಖಾಲಿ ಬಿಟ್ಟು ಬರುವುದು ಇನ್ನೊಂದು ರೀತಿ. ಎರಡನೆಯದು ಹೆಚ್ಚು ನೋವಿನದು. ಆದರೆ ಅದನ್ನು ತಪ್ಪಿಸಲು ಹೊಸ ಪಾಠ ಕಲಿಯಬೇಕಿಲ್ಲ, ಅಳತೆ ಕಲಿತರೆ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಹಾಸಿಗೆ ಎಂದರೆ ಪ್ರಶ್ನೆಯ ಪಕ್ಕದಲ್ಲಿ ಅಚ್ಚಾಗಿರುವ ಅಂಕ!

ಎಣಿಸುವುದು ಹಾಳೆಯನ್ನಲ್ಲ, ಅಂಶವನ್ನು

ಪೇಪರ್ ತಿದ್ದುವ ಮೇಷ್ಟ್ರ ಮುಂದೆ ಉತ್ತರ ಸೂಚಿ ಇರುತ್ತದೆ. ಯಾವ ಪ್ರಶ್ನೆಗೆ ಯಾವ ಅಂಶ ಬರಬೇಕು, ಯಾವ ಅಂಶಕ್ಕೆ ಎಷ್ಟು ಅಂಕ ಎಂಬುದು ಅದರಲ್ಲಿ ಇರುತ್ತದೆ. ಅವರ ಕಣ್ಣು ನಿಮ್ಮ ಉತ್ತರದಲ್ಲಿ ಆ ಅಂಶಗಳನ್ನು ಹುಡುಕುತ್ತದೆ. ಸಿಕ್ಕಿದರೆ ಅಂಕ. ಸಿಗದಿದ್ದರೆ, ಉಳಿದದ್ದು ಎಷ್ಟೇ ಸರಿಯಿದ್ದರೂ ಅದಕ್ಕೆ ಕೊಡಲು ಅವರ ಬಳಿ ಅಂಕವೇ ಇರುವುದಿಲ್ಲ.

ಆದ್ದರಿಂದ ಮೊದಲ ಸೂತ್ರ ಹೀಗಿದೆ. ಎಷ್ಟು ಅಂಕವೋ ಅಷ್ಟು ಬೇರೆ ಬೇರೆ ಅಂಶ. ದೊಡ್ಡ ಪ್ರಶ್ನೆಗಳಲ್ಲಿ ಭರವಸೆಗೆ ಒಂದು ಅಂಶ ಹೆಚ್ಚು ಬರೆದರೆ ತಪ್ಪಿಲ್ಲ. ಒಂದೇ ಅಂಶವನ್ನು ಮೂರು ವಾಕ್ಯದಲ್ಲಿ ತಿರುಗಿಸಿ ಬರೆದರೆ ಅದು ಒಂದೇ ಅಂಶ.

ಪ್ರಶ್ನೆಪತ್ರಿಕೆಯ ಲೆಕ್ಕ

ತಮಿಳುನಾಡಿನ ಹತ್ತನೇ ತರಗತಿಯಲ್ಲಿ ಜೀವಶಾಸ್ತ್ರ ಬೇರೆ ಪತ್ರಿಕೆಯಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ವಿಜ್ಞಾನ ಪತ್ರಿಕೆಯಲ್ಲೇ ಬರುತ್ತದೆ. ಬರಹದ ಪರೀಕ್ಷೆಗೆ 75, ಪ್ರಾಯೋಗಿಕಕ್ಕೆ 25. ಬರಹದ ಭಾಗ ಹೀಗಿರುತ್ತದೆ. ಒಂದು ಅಂಕದವು 12. ಎರಡು ಅಂಕದ 10 ಪ್ರಶ್ನೆಗಳಲ್ಲಿ 7. ನಾಲ್ಕು ಅಂಕದ 10 ಪ್ರಶ್ನೆಗಳಲ್ಲಿ 7. ಏಳು ಅಂಕದವು 3, ಪ್ರತಿಯೊಂದಕ್ಕೂ ‘ಇದು ಅಥವಾ ಅದು’ ಎಂಬ ಆಯ್ಕೆ. ಎರಡು ಮತ್ತು ನಾಲ್ಕು ಅಂಕದ ಭಾಗಗಳಲ್ಲಿ ಒಂದೊಂದು ಪ್ರಶ್ನೆ ಕಡ್ಡಾಯ, ಅದನ್ನು ಬಿಡುವಂತಿಲ್ಲ.

ಬರೆಯಲು ಮೂರು ಗಂಟೆ, ಅಂದರೆ 180 ನಿಮಿಷ. ಹೀಗೆ ಹಂಚಿ ನೋಡಿ. ಒಂದು ಅಂಕದ ಭಾಗಕ್ಕೆ 15 ನಿಮಿಷ. ಎರಡು ಅಂಕದ ಪ್ರಶ್ನೆಗೆ ತಲಾ 5ರಂತೆ 35. ನಾಲ್ಕು ಅಂಕದ್ದಕ್ಕೆ ತಲಾ 9ರಂತೆ 63. ಏಳು ಅಂಕದ್ದಕ್ಕೆ ತಲಾ 17ರಂತೆ 51. ಒಟ್ಟು 164 ನಿಮಿಷ. ಉಳಿದ 16 ನಿಮಿಷ ಮತ್ತೆ ಓದಿ ನೋಡಲು.

ಈಗ ಒಬ್ಬ ಹುಡುಗ ಎರಡು ಅಂಕದ ಏಳು ಪ್ರಶ್ನೆಗಳಿಗೂ ತಲಾ ಐದು ನಿಮಿಷ ಹೆಚ್ಚು ತೆಗೆದುಕೊಂಡ ಎನ್ನಿ. 35 ನಿಮಿಷ ಹೋಯಿತು. ಅದು ಏಳು ಅಂಕದ ಎರಡು ಪ್ರಶ್ನೆ ಬರೆಯುವ ಸಮಯ. ಅಂದರೆ 14 ಅಂಕ! ಹೆಚ್ಚು ಬರೆದ ಸಾಲುಗಳಿಗೆ ಸಿಕ್ಕಿದ್ದು ಸೊನ್ನೆ.

ಪ್ಲಸ್ ಟು ಜೀವಶಾಸ್ತ್ರದಲ್ಲಿ ಸಸ್ಯಶಾಸ್ತ್ರಕ್ಕೆ 35, ಪ್ರಾಣಿಶಾಸ್ತ್ರಕ್ಕೆ 35, ಒಟ್ಟು 70. ಎರಡೂ ಭಾಗಗಳಲ್ಲಿ ಒಂದು ಅಂಕದವು 8, ಎರಡು ಅಂಕದವು 4, ಮೂರು ಅಂಕದವು 3, ಐದು ಅಂಕದವು 2 ಬರೆಯಬೇಕು. ಇಲ್ಲಿ ಎರಡು ಅಂಕಕ್ಕೆ 5 ನಿಮಿಷ, ಮೂರಕ್ಕೆ 7, ಐದಕ್ಕೆ 15 ನಿಮಿಷ ಇಟ್ಟುಕೊಂಡರೆ ಕೊನೆಗೆ 20 ನಿಮಿಷವಾದರೂ ಮಿಗುತ್ತದೆ.

ಮನೆಯಲ್ಲಿ ಅಣ್ಣ ಅಕ್ಕಂದಿರು ‘ಹತ್ತು ಅಂಕಕ್ಕೆ ನಾಲ್ಕು ಪುಟ ಬರಿ’ ಎಂದು ಹೇಳಿಕೊಟ್ಟಿದ್ದರೆ ಅದನ್ನು ಮರೆತುಬಿಡಿ. ಪ್ಲಸ್ ಟು ಒಟ್ಟು 1200 ಅಂಕಕ್ಕೆ ಇದ್ದ ಕಾಲದಲ್ಲಿ ಹತ್ತು ಅಂಕದ ಪ್ರಶ್ನೆಗಳು ಇದ್ದವು. 2019ರ ಮಾರ್ಚ್ ಪರೀಕ್ಷೆಯಿಂದ ಒಟ್ಟು 600 ಆಯಿತು, ಹತ್ತು ಅಂಕದ ಪ್ರಬಂಧ ಹೋಯಿತು. ಅಣ್ಣನ ಅಳತೆ ಅಣ್ಣನ ಕಾಲಕ್ಕೆ ಸರಿ.

ಎಷ್ಟು ಸಾಲು? ಇದಕ್ಕೆ ಇಲಾಖೆಯ ನಿಯಮವಿಲ್ಲ, ಅಂದಾಜು ಮಾತ್ರ ಹೇಳಬಹುದು. ಎರಡು ಅಂಕಕ್ಕೆ ಮೂರು ನಾಲ್ಕು ಸಾಲು. ಮೂರು ಅಂಕಕ್ಕೆ ಆರೇಳು ಸಾಲು. ನಾಲ್ಕು ಅಂಕಕ್ಕೆ ಅರ್ಧ ಪುಟ. ಐದು ಅಂಕಕ್ಕೆ ಚಿತ್ರವೂ ಸೇರಿ ಒಂದು ಪುಟ. ಏಳು ಅಂಕಕ್ಕೆ ಚಿತ್ರವೂ ಸೇರಿ ಒಂದೂವರೆಯಿಂದ ಎರಡು ಪುಟ.

ಎರಡು ಅಂಕ : ಎರಡು ವಾಕ್ಯ

ಪ್ರಶ್ನೆ ಹೀಗಿದೆ ಎನ್ನೋಣ. ‘ಬಾಷ್ಪವಿಸರ್ಜನೆ ಎಂದರೇನು? ಅದರ ಒಂದು ಉಪಯೋಗ ತಿಳಿಸಿ.’

ಉತ್ತರ : ‘ಸಸ್ಯದ ಎಲೆ ಮುಂತಾದ ಭಾಗಗಳಿಂದ, ಮುಖ್ಯವಾಗಿ ಪತ್ರರಂಧ್ರಗಳ ಮೂಲಕ, ನೀರು ಆವಿಯಾಗಿ ಹೊರಹೋಗುವುದಕ್ಕೆ ಬಾಷ್ಪವಿಸರ್ಜನೆ ಎನ್ನುವರು. ಇದರಿಂದ ಉಂಟಾಗುವ ಸೆಳೆತವು ಬೇರು ಹೀರಿದ ನೀರು ಮೇಲೇರಲು ನೆರವಾಗುತ್ತದೆ.’

ಮುಗಿಯಿತು. ಅರ್ಥಕ್ಕೆ ಒಂದು, ಉಪಯೋಗಕ್ಕೆ ಒಂದು. ಬಾಷ್ಪವಿಸರ್ಜನೆಯ ವಿಧಗಳು, ಗಾಜಿನ ಬುರುಡೆಯ ಪ್ರಯೋಗ, ಪತ್ರರಂಧ್ರ ತೆರೆದು ಮುಚ್ಚುವ ಬಗೆ ಎಲ್ಲವೂ ನಿಮಗೆ ಗೊತ್ತಿರಬಹುದು. ಅವನ್ನು ಕೇಳಿಲ್ಲ. ಪೂರ್ಣವಿರಾಮ ಇಟ್ಟು ಮುಂದಿನ ಪ್ರಶ್ನೆಗೆ ಹೋಗಿ.

ನಾಲ್ಕು ಅಂಕ : ನಾಲ್ಕು ಜೋಡಿ

‘ಅಪಧಮನಿ ಮತ್ತು ಅಭಿಧಮನಿಗಳಿಗೆ ಇರುವ ವ್ಯತ್ಯಾಸ ತಿಳಿಸಿ.’ ಇಂಥ ಪ್ರಶ್ನೆಗೆ ಮೊದಲು ಅಪಧಮನಿಯ ಬಗ್ಗೆ ಒಂದು ಪ್ಯಾರಾ, ಆಮೇಲೆ ಅಭಿಧಮನಿಯ ಬಗ್ಗೆ ಒಂದು ಪ್ಯಾರಾ ಬರೆಯಬೇಡಿ. ನಡುವೆ ಗೆರೆ ಎಳೆದು ಎದುರು ಬದುರು ಬರೆಯಿರಿ.

ಒಂದು, ಅಪಧಮನಿ ರಕ್ತವನ್ನು ಹೃದಯದಿಂದ ಅಂಗಗಳಿಗೆ ಒಯ್ಯುತ್ತದೆ. ಅಭಿಧಮನಿ ಅಂಗಗಳಿಂದ ಹೃದಯಕ್ಕೆ ತರುತ್ತದೆ. ಎರಡು, ಅದರ ಗೋಡೆ ದಪ್ಪ, ಹಿಗ್ಗುವ ಗುಣ ಹೆಚ್ಚು. ಇದರ ಗೋಡೆ ತೆಳು. ಮೂರು, ಅದರಲ್ಲಿ ರಕ್ತದ ಒತ್ತಡ ಹೆಚ್ಚು, ಇದರಲ್ಲಿ ಕಡಿಮೆ. ನಾಲ್ಕು, ಅದರ ಒಳಗೆ ಕವಾಟಗಳಿಲ್ಲ. ಇದರ ಒಳಗೆ ಕವಾಟಗಳಿವೆ.

ನಾಲ್ಕು ಜೋಡಿ, ನಾಲ್ಕು ಅಂಕ. ಒಂದು ಕಡೆ ಮಾತ್ರ ಬರೆದರೆ ಅದು ವ್ಯತ್ಯಾಸ ಆಗುವುದಿಲ್ಲ. ಎಡಕ್ಕೆ ಗೋಡೆಯ ಮಾತು, ಬಲಕ್ಕೆ ಒತ್ತಡದ ಮಾತು ಬರೆದರೂ ಜೋಡಿ ಆಗುವುದಿಲ್ಲ. ಎತ್ತಿಗೆ ಎತ್ತು ಜೋಡಿ ಇರಬೇಕು.

ನಾಲ್ಕು ಅಂಕದ ಪ್ರಶ್ನೆ ಎಷ್ಟೋ ಸಲ ಎರಡು ತುಂಡಾಗಿ ಬರುತ್ತದೆ. ಎರಡೂ ತುಂಡಿಗೆ ಪಾಲು ಇದೆ. ಒಂದನ್ನೇ ಉದ್ದ ಎಳೆದು ಇನ್ನೊಂದನ್ನು ಮರೆತರೆ ಅರ್ಧ ಹೋಯಿತು.

ಏಳು ಅಂಕ : ಚಿತ್ರಕ್ಕೂ ಪಾಲಿದೆ

‘ಮಾನವನ ಹೃದಯದ ರಚನೆಯನ್ನೂ ಅದರಲ್ಲಿ ರಕ್ತ ಹರಿಯುವ ದಾರಿಯನ್ನೂ ಚಿತ್ರಸಹಿತ ವಿವರಿಸಿ.’ ಕೈ ಓಡಿಸುವ ಮೊದಲು ಪ್ರಶ್ನೆಯನ್ನು ಬಿಡಿಸಿ. ರಚನೆ, ದಾರಿ, ಚಿತ್ರ ಎಂದು ಮೂರು ಕೆಲಸ ಇವೆ. ಚಿತ್ರಕ್ಕೆ ಎರಡು, ರಚನೆಗೆ ಎರಡು, ದಾರಿಗೆ ಮೂರು ಎಂದು ನಿಮ್ಮ ಮನಸ್ಸಿನಲ್ಲೇ ಹಂಚಿಕೊಳ್ಳಿ. ಸೂಚಿಯಲ್ಲಿ ಹಂಚಿಕೆ ಸ್ವಲ್ಪ ಆಚೀಚೆ ಇದ್ದರೂ ಯಾವ ಕೆಲಸವೂ ಬಿಟ್ಟುಹೋಗುವುದಿಲ್ಲ.

ರಚನೆಗೆ : ಹೃದಯ ಎರಡು ಶ್ವಾಸಕೋಶಗಳ ನಡುವೆ ಇದೆ, ಹೊರಗೆ ಎರಡು ಪದರದ ಹೊದಿಕೆ ಇದೆ, ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ, ಎಡಬಲಗಳ ನಡುವೆ ಭಿತ್ತಿ. ಇಷ್ಟು ಸಾಕು.

ದಾರಿಗೆ : ದೇಹದ ರಕ್ತ ಮಹಾ ಅಭಿಧಮನಿಗಳಿಂದ ಬಲ ಹೃತ್ಕರ್ಣಕ್ಕೆ ಬರುತ್ತದೆ. ತ್ರಿದಳ ಕವಾಟ ದಾಟಿ ಬಲ ಹೃತ್ಕುಕ್ಷಿಗೆ ಇಳಿಯುತ್ತದೆ. ಅಲ್ಲಿಂದ ಶ್ವಾಸಕೋಶದ ಅಪಧಮನಿಯಲ್ಲಿ ಶ್ವಾಸಕೋಶಕ್ಕೆ ಹೋಗಿ ಆಮ್ಲಜನಕ ಪಡೆಯುತ್ತದೆ. ಶ್ವಾಸಕೋಶದ ಅಭಿಧಮನಿಗಳಿಂದ ಎಡ ಹೃತ್ಕರ್ಣಕ್ಕೆ ಬಂದು, ದ್ವಿದಳ ಕವಾಟ ದಾಟಿ ಎಡ ಹೃತ್ಕುಕ್ಷಿಗೆ ಇಳಿದು, ಮಹಾ ಅಪಧಮನಿಯಿಂದ ಇಡೀ ದೇಹಕ್ಕೆ ಹೋಗುತ್ತದೆ.

ಚಿತ್ರ ಪೆನ್ಸಿಲಿನಲ್ಲಿ ಇರಲಿ. ತಮಿಳುನಾಡಿನ ಪ್ರಶ್ನೆಪತ್ರಿಕೆಯ ತಲೆಯ ಮೇಲೇ ‘ಬರೆಯಲು ನೀಲಿ ಅಥವಾ ಕಪ್ಪು ಶಾಯಿ, ಚಿತ್ರಕ್ಕೆ ಪೆನ್ಸಿಲ್’ ಎಂಬ ಸೂಚನೆ ಇರುತ್ತದೆ. ಬಣ್ಣ ತುಂಬುತ್ತಾ ಕೂರಬೇಡಿ. ಭಾಗಗಳ ಹೆಸರು ಬರೆಯಿರಿ, ಗೆರೆಗಳು ಒಂದನ್ನೊಂದು ದಾಟದಿರಲಿ. ಹೆಸರಿಲ್ಲದ ಅಂದದ ಚಿತ್ರಕ್ಕಿಂತ ಹೆಸರಿರುವ ಸಾದಾ ಚಿತ್ರ ಮೇಲು. ಚಿತ್ರ ತೋರಿಸಿದ್ದನ್ನು ಮತ್ತೆ ಮಾತಿನಲ್ಲಿ ಉದ್ದಕ್ಕೆ ಬರೆಯಬೇಕಿಲ್ಲ. ಹೃದಯಾಘಾತ, ರಕ್ತದ ಗುಂಪು, 1628ರಲ್ಲಿ ರಕ್ತ ಪರಿಚಲನೆಯ ಬಗ್ಗೆ ಪುಸ್ತಕ ಹೊರತಂದ ವಿಲಿಯಂ ಹಾರ್ವೆಯ ಕಥೆ, ಇವೆಲ್ಲ ಈ ಪ್ರಶ್ನೆಗೆ ಬೇಡ.

ಕಮ್ಮಿ ಬರೆದರೂ ಕಷ್ಟ

ಹಾಗಂತ ಒಂದೊಂದು ಪದ ಬರೆದು ಎದ್ದುಬರಲು ಹೇಳುತ್ತಿಲ್ಲ. ‘ಎಡ ಹೃತ್ಕುಕ್ಷಿಯ ಗೋಡೆ ಬಲ ಹೃತ್ಕುಕ್ಷಿಯ ಗೋಡೆಗಿಂತ ದಪ್ಪ. ಕಾರಣ ಕೊಡಿ’ ಎಂದು ಎರಡು ಅಂಕಕ್ಕೆ ಕೇಳಿದರು ಎನ್ನಿ. ‘ಏಕೆಂದರೆ ಅದು ರಕ್ತವನ್ನು ಪಂಪ್ ಮಾಡುತ್ತದೆ’ ಎಂದು ಬರೆದರೆ ಸಾಲದು. ಬಲ ಹೃತ್ಕುಕ್ಷಿಯೂ ಪಂಪ್ ಮಾಡುತ್ತದಲ್ಲ! ಬಲಗಡೆಯದು ಹತ್ತಿರದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಎಡಗಡೆಯದು ಇಡೀ ದೇಹಕ್ಕೆ ತಳ್ಳಬೇಕು. ಅದಕ್ಕೆ ಹೆಚ್ಚು ಒತ್ತಡ ಬೇಕು, ಆದ್ದರಿಂದ ಗೋಡೆ ದಪ್ಪ. ಹೀಗೆ ಬರೆದಾಗ ಕಾರಣ ಪೂರ್ತಿಯಾಗುತ್ತದೆ.

ಎಷ್ಟು ಬರೆಯಬೇಕು ಎಂಬುದನ್ನು ಅಂಕ ಹೇಳುತ್ತದೆ, ಹೇಗೆ ಬರೆಯಬೇಕು ಎಂಬುದನ್ನು ಪ್ರಶ್ನೆಯ ಕೊನೆಯ ಪದ ಹೇಳುತ್ತದೆ. ಹೆಸರಿಸಿ ಎಂದರೆ ಹೆಸರು ಸಾಕು. ಪಟ್ಟಿ ಮಾಡಿ ಎಂದರೆ ಪಟ್ಟಿ ಸಾಕು. ಕಾರಣ ಕೊಡಿ ಎಂದರೆ ‘ಆದ್ದರಿಂದ’ ಎಂಬ ಮಾತಿನವರೆಗೆ ಹೋಗಬೇಕು. ವಿವರಿಸಿ ಎಂದರೆ ಒಂದೊಂದು ಅಂಶಕ್ಕೂ ಒಂದು ಪೂರ್ತಿ ವಾಕ್ಯ ಬೇಕು.

ಗೊತ್ತಿದ್ದದ್ದೆಲ್ಲ ಬರೆಯುವ ಆಸೆ

ನಮ್ಮ ಬೆಟ್ಟದ ಮಕ್ಕಳಿಗೆ ಒಂದು ವಿಶೇಷ ಅಪಾಯ ಇದೆ. ‘ಕಾಡುಗಳನ್ನು ಏಕೆ ಸಂರಕ್ಷಿಸಬೇಕು? ನಾಲ್ಕು ಕಾರಣ ಕೊಡಿ’ ಎಂಬ ಪ್ರಶ್ನೆ ಬಂದರೆ ಪೆನ್ನು ನಿಲ್ಲುವುದೇ ಇಲ್ಲ! ನಾವು ಕಾಡಿನ ನಡುವೆಯೇ ಇರುವವರು. ರಾತ್ರಿ ಆನೆ ರಾಗಿ ಹೊಲಕ್ಕೆ ನುಗ್ಗಿದ್ದು, ಸತ್ಯಮಂಗಲ ಕಾಡು 2013ರಲ್ಲಿ ಹುಲಿ ಮೀಸಲು ಪ್ರದೇಶವಾದದ್ದು, ದಿಂಬಂ ಘಾಟಿನಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ಬಂದ ನಿರ್ಬಂಧ, ಅದರಿಂದ ತರಕಾರಿ ಲಾರಿಗೆ ಆದ ತೊಂದರೆ, ಎಲ್ಲವೂ ಕಣ್ಣಾರೆ ಕಂಡದ್ದು. ಎರಡು ಪುಟ ತುಂಬುತ್ತದೆ. ಬರೆದದ್ದೆಲ್ಲ ನಿಜ. ಆದರೆ ಕೇಳಿದ ನಾಲ್ಕು ಕಾರಣ ಅದರಲ್ಲಿ ಒಂದೂ ಇರಲಿಕ್ಕಿಲ್ಲ.

ಬೇಕಾದ್ದು ಇಷ್ಟು. ಕಾಡು ಮಣ್ಣಿನ ಸವಕಳಿ ತಡೆಯುತ್ತದೆ. ಮಳೆ ನೀರು ಇಂಗಲು ನೆರವಾಗುತ್ತದೆ. ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುತ್ತದೆ. ಆನೆ, ಹುಲಿ ಮುಂತಾದ ಜೀವಿಗಳಿಗೆ ನೆಲೆಯಾಗಿದೆ. ನಮ್ಮ ಊರಿನ ಅನುಭವ ನಾಲ್ಕನೆಯ ಸಾಲಿನಲ್ಲಿ ಎರಡು ಪದವಾಗಿ ಬಂದಿದೆ ನೋಡಿ. ಪರೀಕ್ಷೆಯಲ್ಲಿ ಅದಕ್ಕೆ ಅಷ್ಟೇ ಜಾಗ.

ಎರಡು ಭಾಷೆಯ ಮಕ್ಕಳಿಗೆ

ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ತಮಿಳು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಕ್ಕಳು ಹೆಚ್ಚು ಬರೆಯುವುದಕ್ಕೆ ಇನ್ನೊಂದು ಕಾರಣ ಇದೆ. ಸರಿಯಾದ ಪದ ನೆನಪಾಗದಿದ್ದಾಗ ಅದರ ಸುತ್ತ ಐದು ಸಾಲು ಬರೆಯುತ್ತಾರೆ. ‘ಒಳಿಚ್ಚೇರ್ಕೈ’ ಎಂಬ ಒಂದು ಪದ ಬಾರದೆ, ಎಲೆ ಬಿಸಿಲಿನಲ್ಲಿ ಆಹಾರ ಮಾಡುವ ಕಥೆಯನ್ನೇ ಬರೆಯಬೇಕಾಗುತ್ತದೆ. ಕನ್ನಡದಲ್ಲಿ ಅದು ದ್ಯುತಿಸಂಶ್ಲೇಷಣೆ ಎಂದು ಚೆನ್ನಾಗಿ ಗೊತ್ತಿದ್ದರೂ!

ಕೆಲವು ಪದ ದಾರಿಯನ್ನೂ ತಪ್ಪಿಸುತ್ತವೆ. ಕನ್ನಡದಲ್ಲಿ ಅಪಧಮನಿ, ಅಭಿಧಮನಿ ಎರಡರಲ್ಲೂ ‘ಧಮನಿ’ ಇದೆ. ತಮಿಳಿನಲ್ಲಿ ‘ತಮನಿ’ ಎಂದರೆ ಅಪಧಮನಿ ಮಾತ್ರ, ಅಭಿಧಮನಿಗೆ ‘ಸಿರೈ’ ಎನ್ನುತ್ತಾರೆ. ಇದನ್ನು ಅದಲು ಬದಲು ಮಾಡಿದರೆ ಮೇಲೆ ಹೇಳಿದ ನಾಲ್ಕು ಜೋಡಿಯೂ ತಲೆಕೆಳಗಾಗುತ್ತದೆ.

ಪ್ರಶ್ನೆಯ ಕೊನೆಯ ಪದಗಳನ್ನೂ ಎರಡು ಭಾಷೆಯಲ್ಲಿ ಕಲಿತಿರಬೇಕು. ‘ವರೈಯರು’ ಎಂದರೆ ವ್ಯಾಖ್ಯಾನ ಕೊಡು. ‘ಕಾರಣಂ ಕೂರು’ ಎಂದರೆ ಕಾರಣ ಕೊಡು. ‘ವೇರುಪಡುತ್ತು’ ಎಂದರೆ ವ್ಯತ್ಯಾಸ ತಿಳಿಸು. ‘ಪಟ್ಟಿಯಲಿಡು’ ಎಂದರೆ ಪಟ್ಟಿ ಮಾಡು. ‘ಪಡಂ ವರೈಗ’ ಎಂದರೆ ಚಿತ್ರ ಬರೆ. ಆದರೆ ‘ಕುರಿಪ್ಪು ವರೈಗ’ ಎಂದರೆ ಚಿತ್ರವಲ್ಲ, ಟಿಪ್ಪಣಿ ಬರೆ. ನಮ್ಮ ‘ಬರೆ’ ಕೂಡ ಹೀಗೆ ಎರಡೂ ಕಡೆ ದುಡಿಯುತ್ತದಲ್ಲ, ಹಾಗೆಯೇ.

ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಮೂರು ಕಲಂ ಹಾಕಿ. ಕನ್ನಡ, ತಮಿಳು, ಇಂಗ್ಲಿಷ್. ಪಾಠಕ್ಕೆ ಹತ್ತು ಪದ ಬರೆದಿಟ್ಟರೂ ಪರೀಕ್ಷೆಯ ಹೊತ್ತಿಗೆ ಅದು ಚಿನ್ನದಂಥ ಪುಸ್ತಕವಾಗುತ್ತದೆ. ಪದ ಸಿಕ್ಕಿದರೆ ಉತ್ತರ ತಾನಾಗಿ ಚಿಕ್ಕದಾಗುತ್ತದೆ.

ಗಡಿಯ ಆಚೆ, ಕಡಲಿನ ಆಚೆ

ಚಾಮರಾಜನಗರದ ಕಡೆ ಪಿಯುಸಿಗೆ ಸೇರುವವರಿಗೂ ಈ ಅಳತೆ ನಡೆಯುತ್ತದೆ. ಕರ್ನಾಟಕದ ದ್ವಿತೀಯ ಪಿಯುಸಿ ಜೀವಶಾಸ್ತ್ರದ ಬರಹದ ಪರೀಕ್ಷೆಯೂ 70 ಅಂಕದ್ದು. ಭಾಗಗಳನ್ನು ಗುರುತಿಸದ ಚಿತ್ರಕ್ಕೆ ಅಂಕವಿಲ್ಲ ಎಂದು ಅಲ್ಲಿ ಪ್ರಶ್ನೆಪತ್ರಿಕೆಯಲ್ಲೇ ಅಚ್ಚಾಗಿರುತ್ತದೆ.

ಅಮೆರಿಕದಲ್ಲಿ ಹೈಸ್ಕೂಲು ಮಕ್ಕಳು, ಅಲ್ಲಿರುವ ಕನ್ನಡದ ಮಕ್ಕಳೂ ಸೇರಿ, ಬರೆಯುವ ‘ಎಪಿ ಬಯಾಲಜಿ’ ಎಂಬ ಪರೀಕ್ಷೆ ಇದೆ. ಅದರ ಬರಹದ ಭಾಗದಲ್ಲಿ 90 ನಿಮಿಷಕ್ಕೆ ಆರು ಪ್ರಶ್ನೆ. ದೊಡ್ಡ ಎರಡಕ್ಕೆ ತಲಾ 9 ಅಂಕ, ಚಿಕ್ಕ ನಾಲ್ಕಕ್ಕೆ ತಲಾ 4. ಅಲ್ಲಿಯೂ ಅಂಶಕ್ಕೇ ಅಂಕ. ಒಂದು ವ್ಯತ್ಯಾಸ ಮಾತ್ರ ಇದೆ. ಬರೀ ಪಟ್ಟಿ ಅಥವಾ ಬರೀ ಚಿತ್ರ ಅಲ್ಲಿ ನಡೆಯದು, ವಾಕ್ಯದಲ್ಲೇ ಬರೆಯಬೇಕು. ನಮ್ಮಲ್ಲಿ ಒಂದು, ಎರಡು ಎಂದು ಸಂಖ್ಯೆ ಹಾಕಿ ಬರೆದರೆ ತಿದ್ದುವವರಿಗೆ ಅನುಕೂಲ.

ಮನೆಯಲ್ಲೇ ಅಭ್ಯಾಸ

ಇದಕ್ಕೆ ಟ್ಯೂಷನ್ ಬೇಡ. ಒಂದು ಗಡಿಯಾರ ಸಾಕು. ಜೀವಶಾಸ್ತ್ರ ಓದದ ಅಪ್ಪ ಅಮ್ಮನೂ ಇದನ್ನು ಮಾಡಿಸಬಹುದು. ಹಳೆಯ ಪ್ರಶ್ನೆಪತ್ರಿಕೆಯಿಂದ ಎರಡು ಅಂಕದ ಒಂದು ಪ್ರಶ್ನೆ ತೋರಿಸಿ. ಐದು ನಿಮಿಷ ಆದೊಡನೆ ‘ಸಾಕು, ಪೆನ್ನು ಕೆಳಗಿಡು’ ಎನ್ನಿ. ಆಮೇಲೆ ಮಗು ತಾನೇ ಪುಸ್ತಕ ತೆರೆದು, ಅಂಕ ಸಿಗುವ ಮಾತಿನ ಕೆಳಗೆ ಗೆರೆ ಎಳೆಯಲಿ. ಗೆರೆ ಇಲ್ಲದ ಸಾಲು ಎಷ್ಟಿವೆ ಎಂದು ನೀವು ಎಣಿಸಿ. ಮರುದಿನ ಆ ಸಾಲುಗಳನ್ನು ಬಿಟ್ಟು ಅದೇ ಉತ್ತರ ಬರೆಯಲಿ. ಹೀಗೆ ದಿನಕ್ಕೆ ಎರಡು ಪ್ರಶ್ನೆ ಸಾಕು, ಹೂವು ಬಿಡಿಸಿ ಬಂದ ಮೇಲೂ ಮಾಡಬಹುದು.

ಪರೀಕ್ಷೆಯ ದಿನ ಬರೆಯುವ ಮೊದಲು ಪ್ರಶ್ನೆಪತ್ರಿಕೆ ಓದಲು ಹತ್ತು ನಿಮಿಷ ಕೊಡುತ್ತಾರೆ. ಆಗ ಪ್ರಶ್ನೆಯ ಜೊತೆ ಅಂಕವನ್ನೂ ಕೊನೆಯ ಪದವನ್ನೂ ಓದಿ. ಯಾವುದನ್ನು ಬಿಡುವುದು, ಯಾವುದನ್ನು ಹಿಡಿಯುವುದು ಎಂದು ಅಲ್ಲೇ ತೀರ್ಮಾನಿಸಿ. ಯಾವುದಾದರೂ ಉತ್ತರ ಅರ್ಧಕ್ಕೆ ನಿಂತರೆ ನಾಲ್ಕು ಸಾಲು ಜಾಗ ಬಿಟ್ಟು ಮುಂದೆ ಹೋಗಿ, ಕೊನೆಯಲ್ಲಿ ಉಳಿಸಿದ ನಿಮಿಷಗಳು ಅದಕ್ಕೇ ಇವೆ.

ಹಿರಿಯರಿಗೆ ಒಂದು ಮಾತು. ಈ ಸಲ ಮಕ್ಕಳು ಪರೀಕ್ಷೆ ಮುಗಿಸಿ ಬಸ್ಸು ಹತ್ತಿದಾಗ ಅಡಿಷನಲ್ ಶೀಟಿನ ಲೆಕ್ಕ ಕೇಳಬೇಡಿ. ‘ಬರೆಯಬೇಕಾದ್ದನ್ನೆಲ್ಲ ಬರೆದು ಮುಗಿಸಿದೆಯಾ ಮಗಾ?’ ಎಂದು ಕೇಳಿ. ಹೂಂ ಎಂದರೆ ಟೀ ಕುಡಿಸಿ ಮನೆಗೆ ಕರೆದುಕೊಂಡು ಬನ್ನಿ.